ಬೇಲಿಯ ಹತ್ತಿರ ಏನಿಲ್ಲ ಎಂದೆ

ಗೌರಮ್ಮ ನಮ್ಮ ಹಿತ್ತಲು ಗುಡಿಸಲು ಬಂದ ಆ ಶನಿವಾರ, ಬೇಲಿಯ ಪಕ್ಕದ ಎಲೆಗಳ ಕೆಳಗೆ ಒಂದು ಮಂಗ ಸತ್ತು ಬಿದ್ದಿದೆ ಎಂದು ನನಗೆ ಗೊತ್ತಿತ್ತು. ಅದರ ಮೇಲೆ ಎಲೆ ಎಳೆದು ಮುಚ್ಚಿದವಳೇ ನಾನು. ಅಲ್ಲಿ ಏನಿದೆ ಎಂದು ಕೇಳಿದಾಗ ಏನಿಲ್ಲ ಎಂದೆ. ಆ ಬೇಸಿಗೆ ಮುಗಿಯುವ ಮೊದಲೇ ಗೌರಮ್ಮ ಮಂಗನ ಕಾಯಿಲೆಯಿಂದ ತೀರಿಕೊಂಡಳು.

ಇಷ್ಟೇ. ಬರೆದರೆ ನಾಲ್ಕು ಸಾಲು. ಈ ನಾಲ್ಕು ಸಾಲನ್ನು ಬಾಯಿಬಿಟ್ಟು ಹೇಳಲು ನನಗೆ — ನನ್ನ ಮಗಳು ಆಗ ಮೂರನೇ ಕ್ಲಾಸಿನಲ್ಲಿದ್ದಳು, ಈಗ ಅವಳೇ ಶಿವಮೊಗ್ಗದ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ — ಅಷ್ಟು ಕಾಲ ಬೇಕಾಯಿತು.

ಆಗ ನಾವು ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆವು, ಕ್ಯಾಸನೂರಿನ ಕಡೆಯ ಕಾಡಿನ ಅಂಚಿನಲ್ಲಿ. ಹಳ್ಳಿಯ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ನಮ್ಮ ಮನೆಯವರು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಇಡೀ ಊರಿಗೆ ಕ್ರೈಸ್ತರ ಮನೆ ನಮ್ಮದೊಂದೇ. ಯಾರೂ ಅದನ್ನು ಎತ್ತಿ ಆಡಿದ್ದಿಲ್ಲ. ಕ್ರಿಸ್‌ಮಸ್ಸಿಗೆ ನಾನು ಕಲಕಲ ಎಂಬ ಸಿಹಿ ತಿಂಡಿ ತುಂಬಿ ಕಳಿಸಿದ ಡಬ್ಬಿಗಳು ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ವಾಪಸು ಬರುತ್ತಿದ್ದವು, ಒಂದೊಂದು ಸಲ ಬೇರೆಯವರ ಮುಚ್ಚಳ ಹಾಕಿಕೊಂಡು.

ಗೌರಮ್ಮನ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಗಂಡ ಬಸಪ್ಪ, ಎರಡು ಎಮ್ಮೆ, ಸ್ವಲ್ಪ ಗದ್ದೆ, ಒಬ್ಬಳೇ ಮಗಳು ರೇಣುಕಾ. ಬೇಸಿಗೆ ಬಂತೆಂದರೆ ಒಣಗಿ ಉದುರಿದ ಎಲೆಗೆ — ಅಲ್ಲಿನವರು ದರಕು ಎನ್ನುತ್ತಾರೆ — ಹೆಂಗಸರೆಲ್ಲ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಲು ಅದು ಬೇಕೇಬೇಕು. ಗೌರಮ್ಮ ನಮ್ಮ ಹಿತ್ತಲ ದರಕನ್ನೂ ಒಯ್ಯುತ್ತಿದ್ದಳು. ಬಂದವಳು ಸುಮ್ಮನೆ ಗುಡಿಸಿ ಹೋಗುವವಳಲ್ಲ. ನಡುಮನೆಯಲ್ಲಿದ್ದ ಯೇಸುವಿನ ಪಟದ ಮುಂದೆ, ಆ ತೆರೆದ ಹೃದಯದ ಪಟದ ಮುಂದೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

“ಅಲ್ರೀ ಅಮ್ಮಾರೆ, ನಿಮ್ಮ ಸ್ವಾಮಿ ಹಿಂಗೆ ಎದೆ ಬಿಚ್ಕಂಡು ತೋರಿಸ್ತಾನಲ್ಲ, ನೋವಾಗಲ್ವೇನ್ರಿ? ನಮ್ಮ ಹನುಮಪ್ಪನೂ ಹಿಂಗೇ. ಇಬ್ರೂ ಒಂದೇ ಜಾತಿ ಬಿಡ್ರಿ.”

ನಾನು ನಕ್ಕುಬಿಡುತ್ತಿದ್ದೆ. ನನ್ನನ್ನು ಓದಿಸಿದ ಸಿಸ್ಟರುಗಳು ಆ ಪಟದ ಬಗ್ಗೆ ಗಂಟೆಗಟ್ಟಲೆ ಹೇಳಿದ್ದರು. ನೋವಾಗುವುದಿಲ್ಲವೇ ಎಂದು ನಮ್ಮ ಹಾಸ್ಟೆಲಿನ ಯಾವ ಹುಡುಗಿಯೂ ಕೇಳಿದ ನೆನಪಿಲ್ಲ.

ಆ ವರ್ಷ ನನ್ನ ಮಗಳ ಪ್ರಥಮ ಪರಮಪ್ರಸಾದ, ಮಕ್ಕಳು ಮೊದಲ ಸಲ ಚರ್ಚಿನ ಪವಿತ್ರ ರೊಟ್ಟಿ ಸ್ವೀಕರಿಸುವ ದಿನ. ಬಿಳಿ ಫ್ರಾಕು, ತಲೆಗೆ ಬಿಳಿ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ — ನಮ್ಮ ಮನೆಗಳಲ್ಲಿ ಅದು ಮದುವೆಗಿಂತ ಒಂದು ಮೆಟ್ಟಿಲು ಕೆಳಗಿನ ಹಬ್ಬ. ಈಸ್ಟರ್, ಅಂದರೆ ನಮ್ಮ ಪಾಸ್ಕ ಹಬ್ಬ, ಕಳೆದ ಮೇಲಿನ ಒಂದು ಭಾನುವಾರ ಗೊತ್ತಾಗಿತ್ತು. ಪೂಜೆ ಪೇಟೆಯ ಚರ್ಚಿನಲ್ಲಿ, ಊಟ ನಮ್ಮ ಮನೆಯ ಹಿತ್ತಲಿನಲ್ಲಿ. ಶಿವಮೊಗ್ಗ, ಭದ್ರಾವತಿ, ಸಾಗರದಿಂದ ನೆಂಟರು ಬರುವವರಿದ್ದರು. ಅವರೆಲ್ಲ ನಮ್ಮ ಆ ಹಳ್ಳಿ ಮನೆಗೆ ಬರುವುದು ಅದೇ ಮೊದಲು. ಕಾಡಿನ ಮೂಲೆಗೆ ಮದುವೆಯಾಗಿ ಹೋದಳು ಪಾಪ, ಎಂದು ಕನಿಕರ ತೋರಿಸುತ್ತಿದ್ದವರ ಮುಂದೆ ನಾನು ಹೇಗೆ ಬಾಳುತ್ತಿದ್ದೇನೆ ಎಂದು — ಹೌದು, ತೋರಿಸಬೇಕಿತ್ತು. ಫ್ರಾಕಿನ ಲೇಸನ್ನು ನಾನೇ ಹೆಣೆದಿದ್ದೆ.

ನನ್ನ ನಾದಿನಿ ಹೆಲೆನ್ ಮೊದಲೇ ಫೋನಿನಲ್ಲಿ ಕೇಳಿದ್ದಳು: “ಆ ಕಡೆ ಮಂಗನ ಕಾಯಿಲೆ ಅಂತಾರಲ್ಲ ಅತ್ತಿಗೆ, ಮಕ್ಕಳನ್ನ ಕರ್ಕೊಂಡು ಬರಬಹುದಾ?” ನಮ್ಮೂರಿನಲ್ಲಿ ಏನೂ ಇಲ್ಲ ಎಂದಿದ್ದೆ. ಆಗ ಅದು ನಿಜವಾಗಿತ್ತು.

ಗುರುವಾರ ಬೆಳಗ್ಗೆ ಬಟ್ಟೆ ಒಣಹಾಕಲು ಹೋದಾಗ ಹಲಸಿನ ಮರದ ಬುಡದಲ್ಲಿ ಅದು ಬಿದ್ದಿತ್ತು. ಒಂದು ಕೈ ಅಂಗಾತವಾಗಿ ಚಾಚಿಕೊಂಡಿತ್ತು — ಮಗುವಿನ ಅಂಗೈಯಂತೆಯೇ, ಗೆರೆಗಳು, ಉಗುರು, ಎಲ್ಲ. ಕಣ್ಣಿನ ಹತ್ತಿರ ಇರುವೆಗಳ ಸಾಲು.

ಆ ಸೀಮೆಯ ಎಳೆ ಮಕ್ಕಳಿಗೂ ಗೊತ್ತಿರುವ ಮಾತು ಇದು: ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಕೂರುತ್ತವೆ, ಅಲ್ಲಿ ಕೈಯಾಡಿಸಿದವರಿಗೆ ಕಚ್ಚುತ್ತವೆ, ಕಚ್ಚಿಸಿಕೊಂಡವರಿಗೆ ಜ್ವರ ಬರುತ್ತದೆ, ಕೆಲವರು ಏಳುವುದಿಲ್ಲ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ನಮಗೆ ಹೇಳಿಕಳಿಸಿ ಎಂದು ಆಶಾ ಕಾರ್ಯಕರ್ತೆ ಪ್ರತಿ ವರ್ಷ ಮನೆಮನೆಗೆ ಬಂದು ಹೇಳಿ ಹೋಗುತ್ತಿದ್ದಳು. ಹೇಳಿಕಳಿಸಿದರೆ ಆಸ್ಪತ್ರೆಯವರು ಬಂದು ಅದನ್ನು ಸುಟ್ಟು, ಸುತ್ತ ಪುಡಿ ಉದುರಿಸಿ, ಆ ಕಡೆ ಯಾರೂ ಸುಳಿಯದಂತೆ ಮಾಡುತ್ತಾರೆ. ಸುದ್ದಿ ಸಂಜೆಯೊಳಗೆ ಸೊರಬಕ್ಕೆ, ಮರುದಿನ ಶಿವಮೊಗ್ಗಕ್ಕೆ. ಹೆಲೆನ್ ಬರುವುದಿಲ್ಲ. ಯಾರೂ ಬರುವುದಿಲ್ಲ.

ಹಣ್ಣು ಕೀಳುವ ಉದ್ದನೆಯ ದೋಟಿ ತಂದೆ. ದೂರದಿಂದಲೇ ಅದನ್ನು ನೂಕುತ್ತ ನೂಕುತ್ತ ಬೇಲಿಯವರೆಗೆ ಒಯ್ದು, ಮೇಲೆ ಎಲೆ ಎಳೆದೆ. ಸೋಮವಾರ ಹೇಳಿದರಾಯಿತು. ಎಲ್ಲರೂ ಹೋದ ಮೇಲೆ ಸೋಮವಾರ ಬೆಳಗ್ಗೆಯೇ ಹೇಳಿದರಾಯಿತು. ಮನೆಯವರಿಗೂ ಹೇಳಲಿಲ್ಲ. ಆಮೇಲೆ ನಾನು ಮಾಡಿದ ಒಂದು ಕೆಲಸವನ್ನು ಬಿಟ್ಟುಬಿಡದೆ ಬರೆಯಬೇಕು: ಊಟದ ಚಪ್ಪರವನ್ನು ಹಿತ್ತಲಿನಿಂದ ಮನೆಯ ಮುಂದಕ್ಕೆ ಹಾಕಿಸಿದೆ. ಬಿಸಿಲಿಗೆ ನೆರಳು ಅಲ್ಲಿ ಚೆನ್ನಾಗಿದೆ ಎಂದು ನೆಪ ಹೇಳಿದೆ. ನನ್ನ ಕಡೆಯ ಮಕ್ಕಳನ್ನು ಕಾಪಾಡುವ ಬುದ್ಧಿ ನನಗಿತ್ತು. ಅಂದಮೇಲೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಶನಿವಾರ ಬೆಳಗ್ಗೆ ಗೌರಮ್ಮ ಬುಟ್ಟಿ, ಪೊರಕೆ ಹಿಡಿದು ತಾನಾಗಿಯೇ ಬಂದಳು. ಹೆಲೆನ್ ಆಗಲೇ ಬಂದಿಳಿದಿದ್ದಳು. ಅಡುಗೆಮನೆಯ ಹಿಂಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದಳು.

“ನಾಳೆ ಮಂದಿ ಬತ್ತಾರೆ, ಹಿತ್ಲು ಹಿಂಗೆ ಬಿಟ್ರೆ ಚಂದ ಕಾಣ್ತದಾ ಅಮ್ಮಾರೆ? ಗುಡಿಸಿ ಕೊಡ್ತೀನಿ. ದರಕು ನಂಗಿರ್ಲಿ. ಇವತ್ತು ಕಾಡಿಗೇ ಹೋಗು ಅಂತ ಕಳ್ಸಿದ ನಮ್ಮನೆ ಮಹಾರಾಯ. ಇಲ್ಲೇ ಎರಡು ಬುಟ್ಟಿ ಆದ್ರೆ ಅಲ್ಲಿ ಗಂಟ ಯಾರು ಹೋಗ್ತಾರೆ?”

“ಬಾವಿ ಹತ್ರ ಮಾತ್ರ ಗುಡಿಸು ಗೌರಮ್ಮ. ಬೇಲಿ ಕಡೆ ಬೇಡ.”

“ಅಯ್ಯ, ಅಲ್ಲೇ ಅಲ್ವಾ ರಾಶಿ ಬಿದ್ದಿರೋದು! ಯಾಕ್ರಿ, ಬಂಗಾರ ಹೂತಿಟ್ಟೀರಾ?”

ಹೆಲೆನ್ ನಕ್ಕಳು. ನಕ್ಕು, ನನ್ನ ಮುಖ ನೋಡಿದಳು. “ಯಾಕೆ ಅತ್ತಿಗೆ, ಏನಿದೆ ಅಲ್ಲಿ?”

“ಏನಿಲ್ಲ,” ಎಂದೆ. “ತಗೊಂಡು ಹೋಗು ಗೌರಮ್ಮ. ಎಲ್ಲಾ ತಗೊಂಡು ಹೋಗು.”

ಹೆಲೆನಳನ್ನೂ ಒಳಕ್ಕೆ ಕರೆದುಕೊಂಡು ಹೋಗಿ ಮಿಕ್ಸಿ ಹಾಕಿದೆ. ಮಸಾಲೆ ನುಣ್ಣಗಾದ ಮೇಲೂ ತಿರುಗಿಸುತ್ತಲೇ ಇದ್ದೆ. ಅವಳಿಗೆ ಅದು ಕಾಣುತ್ತದೆ, ಅವಳು ಕೂಗುತ್ತಾಳೆ, ಅಯ್ಯೋ ನನಗೆ ಗೊತ್ತೇ ಇರಲಿಲ್ಲ ಎಂದು ನಾನೂ ಓಡಿಹೋಗಬೇಕು — ಮುಖವನ್ನು ಅದಕ್ಕೆ ತಯಾರು ಮಾಡಿಕೊಂಡು ನಿಂತಿದ್ದೆ. ಕೂಗು ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದು ನೋಡಿದರೆ ಬೇಲಿಯ ಬುಡದವರೆಗೂ ನೆಲ ಚೊಕ್ಕಟವಾಗಿತ್ತು. ಪೊರಕೆಯ ಗೀರುಗಳು ಕಾಣುತ್ತಿದ್ದವು. ಮಂಗ ಇರಲಿಲ್ಲ. ಹಿಂದಿನ ದಿನವೇ ನಾಯಿಯೋ ನರಿಯೋ ಎಳೆದುಕೊಂಡು ಹೋಗಿರಬೇಕು ಎಂದುಕೊಂಡೆ. ಅಲ್ಲಿಯೇ ನಿಂತು ದೇವರಿಗೆ ಸ್ತೋತ್ರ ಹೇಳಿದೆ. ನನ್ನ ಬದುಕಿನಲ್ಲಿ ನಾನು ಹೇಳಿದ ಪ್ರಾರ್ಥನೆಗಳಲ್ಲಿ ವಾಪಸು ತೆಗೆದುಕೊಳ್ಳಬೇಕೆನ್ನಿಸುವುದು ಅದೊಂದೇ.

ಅಂದು ಸಂಜೆ ಪಾಪನಿವೇದನೆ. ಮಕ್ಕಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವಾಗ ತಂದೆ ತಾಯಿಯೂ ಶುದ್ಧರಾಗಿ ಜೊತೆಗೆ ನಿಲ್ಲಬೇಕು; ಅದಕ್ಕಾಗಿ ಹಿಂದಿನ ದಿನ ಎಲ್ಲರೂ ಗುರುಗಳ ಮುಂದೆ ಮೊಣಕಾಲೂರಿ ತಪ್ಪು ಹೇಳಿಕೊಳ್ಳುತ್ತೇವೆ. ನನ್ನ ಮಗಳಿಗೆ ತಿಂಗಳುಗಟ್ಟಲೆ ಕಲಿಸಿದ್ದೆ — ದೇವರಿಗೆ ಎಲ್ಲ ಗೊತ್ತಿದೆ ಮಗಳೇ, ನಾವು ಹೇಳುವುದು ಅವನಿಗೆ ತಿಳಿಯಲಿ ಎಂದಲ್ಲ, ನಮಗೆ ತಿಳಿಯಲಿ ಎಂದು. ಅವಳು ಅಳುತ್ತ ಹೊರಗೆ ಬಂದಳು. ಏನು ಹೇಳಿಕೊಂಡಳೋ, ಎಂಟು ವರ್ಷದ ಹುಡುಗಿ. ಆಮೇಲೆ ನಾನು ಹೋದೆ.

“ಕೆಲಸದ ಗಡಿಬಿಡಿಯಲ್ಲಿ ಒಂದು ಸುಳ್ಳು ಹೇಳಿದೆ ಫಾದರ್.”

ವಯಸ್ಸಾದ ಗುರುಗಳು. ಹಿಂದೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಇನ್ನು ಹಾಗೆ ಮಾಡಬೇಡಮ್ಮ ಎಂದು, ಪ್ರಾಯಶ್ಚಿತ್ತಕ್ಕೆ ಒಂದು ಚಿಕ್ಕ ಪ್ರಾರ್ಥನೆ ಹೇಳಿ, ಕ್ಷಮೆಯ ಮಾತುಗಳನ್ನು ಆಡಿದರು. ಅವರದೇನೂ ತಪ್ಪಿಲ್ಲ. ನಾನು ಎಷ್ಟು ತೋರಿಸಿದೆನೋ ಅಷ್ಟನ್ನೇ ಅವರು ತೊಳೆದರು. ಎದ್ದು ಬರುವಾಗ ಕಾಲು ಹಗುರವಾಗಿತ್ತು. ನಿಜವಾಗಿಯೂ ಹಗುರವಾಗಿತ್ತು — ಅದನ್ನು ಈಗ ನೆನೆದರೆ…

ಭಾನುವಾರ ಎಲ್ಲ ಚೆನ್ನಾಗಿ ನಡೆಯಿತು. ಗೌರಮ್ಮ ತಲೆಗೆ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ರೇಣುಕಾಳ ಕೈಯಲ್ಲಿ ಮಲ್ಲಿಗೆ ದಂಡೆ ಹಿಡಿಸಿಕೊಂಡು ಬಂದಳು. ಏಳನೇ ಕ್ಲಾಸಿನ ರೇಣುಕಾ ನನ್ನ ಮಗಳ ಫ್ರಾಕಿನ ಲೇಸನ್ನು ಮುಟ್ಟಲೋ ಬೇಡವೋ ಎಂದು ನೋಡುತ್ತಿದ್ದಳು. “ಮದಲಗಿತ್ತಿ ಹಂಗೆ ಕಾಣ್ತೀಯಲ್ಲೇ, ಗಂಡು ಎಲ್ಲವನೆ?” ಎಂದು ಗೌರಮ್ಮ ಕೇಳಿದ್ದಕ್ಕೆ ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡಳು. ನನ್ನ ಕಡೆಯವರೆಲ್ಲ ಊರು ಎಷ್ಟು ಚೆನ್ನಾಗಿದೆ ಎಂದುಕೊಂಡು ಬಸ್ಸು ಹತ್ತಿದರು.

ಸೋಮವಾರ ಬಂತು. ಮಂಗವೇ ಇಲ್ಲ, ಇನ್ನು ಏನೆಂದು ಹೇಳುವುದು?

ವಾರ ಕಳೆದಿರಬಹುದು. ಗೌರಮ್ಮನಿಗೆ ಜ್ವರ ಬಂತು. ಮೊದಲು ಸೊರಬ, ಅಲ್ಲಿಂದ ಶಿವಮೊಗ್ಗ. ಒಮ್ಮೆ ಜ್ವರ ಇಳಿಯಿತು, ಮನೆಗೆ ಬರುತ್ತಾಳೆ ಎಂದರು. ಮತ್ತೆ ಏರಿತು. ಬಂದದ್ದು ಹೆಣ.

ಆಸ್ಪತ್ರೆಯವರು ಮನೆಮನೆಗೆ ಬಂದರು. ಹತ್ತಿರದಲ್ಲಿ ಎಲ್ಲಾದರೂ ಸತ್ತ ಮಂಗ ಕಂಡಿತ್ತಾ ಅಮ್ಮ ಎಂದು ನನ್ನನ್ನೂ ಕೇಳಿದರು. ಇಲ್ಲ ಎಂದೆ. ಎರಡನೆಯ ಸಲ ಸುಳ್ಳು ಹೇಳುವುದು ಎಷ್ಟು ಸುಲಭ ಎಂದರೆ — ಅದು ಸುಳ್ಳು ಎಂದೇ ಅನ್ನಿಸುವುದಿಲ್ಲ, ಮೊದಲನೆಯದಕ್ಕೆ ನಿಷ್ಠೆ ಅನ್ನಿಸುತ್ತದೆ. ಕೇಳಲು ಬಂದಿದ್ದ ಆಸ್ಪತ್ರೆಯ ಹುಡುಗ ನಮ್ಮ ಜಗಲಿಯಲ್ಲಿ ನೀರು ಕೇಳಿ ಕುಡಿದು, ಮುಂದಿನ ಮನೆಗೆ ಹೋದ.

ಊರಿನವರು ಗೌರಮ್ಮನ ಮೇಲೆಯೇ ಹೇಳಿದರು. ಉಣುಗು ಕಚ್ಚದಿರಲೆಂದು ಆಸ್ಪತ್ರೆಯವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಕಾಡಿಗೆ ಹೋದರೆ ಇನ್ನೇನಾಗುತ್ತದೆ, ಹೇಳಿದ ಮಾತು ಕೇಳುವವಳಾ ಅವಳು, ಎಂದರು. ಬಸಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ನಾನೇ ಕಳ್ಸಿದ್ದು. ಆ ಶನಿವಾರ ಕೊಟ್ಟಿಗೆ ಒದ್ದೆಯಾಗಿತ್ತು. ಕಾಡಿಗೆ ಹೋಗಿ ದರಕು ತಾ ಅಂತ ನಾನೇ ಬೈದು ಕಳ್ಸಿದ್ದು.” ನಾನು ಸ್ಟೀಲ್ ಲೋಟದಲ್ಲಿ ಕಾಫಿ ಒಯ್ದಿದ್ದೆ. ಆ ಶನಿವಾರ ಅವಳು ಕಾಡಿಗೆ ಹೋಗಿರಲೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಕಾಫಿ ಲೋಟವನ್ನು ಅವನ ಪಕ್ಕದಲ್ಲಿಟ್ಟು ಮನೆಗೆ ಬಂದೆ.

ಇಲ್ಲಿ ನೀವು ಕೇಳಬಹುದು — ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ — ಅವಳಿಗೆ ಕಚ್ಚಿದ ಉಣುಗು ಅದೇ ಮಂಗದ್ದು ಎಂದು ಹೇಗೆ ಗೊತ್ತು? ಹಿಂದಿನ ವಾರವೂ ಕಾಡಿಗೆ ಹೋಗಿದ್ದಳಲ್ಲ? ನಿಜ, ಗೊತ್ತಿಲ್ಲ. ಈ ಒಂದು “ಗೊತ್ತಿಲ್ಲ”ವನ್ನು ತಲೆದಿಂಬು ಮಾಡಿಕೊಂಡು ವರ್ಷಗಟ್ಟಲೆ ಮಲಗಿದ್ದೇನೆ. ಆದರೆ ನಾವು ಚಿಕ್ಕಂದಿನಿಂದ ಕೇಳಿದ ಬೈಬಲ್ಲಿನ ಕೊನೆಯ ತೀರ್ಪಿನ ಕಥೆಯಲ್ಲಿ ಶಿಕ್ಷೆಗೆಂದು ಎಡಗಡೆ ನಿಲ್ಲಿಸಿದವರನ್ನು ಯಾರನ್ನು ಕೊಂದಿರಿ ಎಂದು ಕೇಳುವುದಿಲ್ಲ. ಮಾಡಬೇಕಾದ್ದನ್ನು ಯಾಕೆ ಮಾಡಲಿಲ್ಲ ಎಂದಷ್ಟೇ ಕೇಳುತ್ತಾರೆ. ಪ್ರತಿ ಭಾನುವಾರ ಎದೆ ತಟ್ಟಿಕೊಂಡು, ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪಕ್ಕೂ ಕ್ಷಮೆ ಬೇಡುತ್ತೇವೆ. ಪ್ರಾರ್ಥನೆಯ ಆ ಸಾಲಿಗೆ ಬಂದಾಗ ನಾನು ಸ್ವಲ್ಪ ವೇಗವಾಗಿ ಹೇಳುತ್ತಿದ್ದೆ. ಅದನ್ನು ಒಮ್ಮೆ ನಿವೇದಿಸಿಕೊಂಡಿದ್ದೇನಲ್ಲ, ಕ್ಷಮೆಯೂ ಸಿಕ್ಕಿದೆಯಲ್ಲ, ಮತ್ತೆ ಮತ್ತೆ ಕೆದಕುವುದು ದೇವರ ಕರುಣೆಯ ಮೇಲೆ ಅಪನಂಬಿಕೆಯಲ್ಲವೇ — ಹೀಗೆ. ಸಿಸ್ಟರುಗಳು ಕಲಿಸಿದ ಮಾತುಗಳನ್ನೇ ಬಾಗಿಲಿಗೆ ಅಗುಳಿ ಮಾಡಿಕೊಂಡಿದ್ದೆ.

ಮನೆಯವರಿಗೆ ಶಿಕಾರಿಪುರಕ್ಕೆ ವರ್ಗವಾಯಿತು, ಇಲ್ಲಿಯೇ ನೆಲೆಯಾದೆವು. ಕೆಲವು ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಅಮ್ಮಾರೆ” ಎಂದರು. ತಿರುಗಿದರೆ ರೇಣುಕಾ. ಇಲ್ಲಿಗೇ ಮದುವೆಯಾಗಿ ಬಂದಿದ್ದಳು, ಮಾತಿಗೂ ಗಂಡನ ಮನೆಯ ಧಾಟಿ ಹತ್ತಿತ್ತು. ಗಂಡನಿಗೆ ಎಪಿಎಂಸಿ ಯಾರ್ಡಿನಲ್ಲಿ ಕೆಲಸ, ಇವಳದು ಮನೆಯಲ್ಲೇ ಹೊಲಿಗೆ. ನನ್ನ ಕೈ ಹಿಡಿದುಕೊಂಡು ಅಷ್ಟು ಜನರ ನಡುವೆ ಅತ್ತುಬಿಟ್ಟಳು. ಅವ್ವನನ್ನು ಕಂಡಂತಾಯಿತು ಎಂದಳು.

ಅಂದಿನಿಂದ ನನ್ನ ರವಿಕೆಗಳೆಲ್ಲ ಅವಳ ಕೈಯಲ್ಲೇ. ಗೊತ್ತಿದ್ದವರಿಗೆಲ್ಲ ಅವಳ ಹೆಸರು ಹೇಳಿದೆ. ಬಸುರಿಯಾದಾಗ ಬಯಕೆಯ ಊಟಕ್ಕೆ ಕರೆದೆ. ಅದು ಪ್ರೀತಿ ಅಲ್ಲವೆಂದರೆ ಸುಳ್ಳಾಗುತ್ತದೆ. ಬರೀ ಪ್ರೀತಿ ಎಂದರೂ ಸುಳ್ಳಾಗುತ್ತದೆ. ಅವಳಿಗೆ ಕೊಟ್ಟದ್ದನ್ನೆಲ್ಲ ದೇವರು ನೋಡುತ್ತಿದ್ದಾನೆಯೇ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆ.

ಕಳೆದ ವರ್ಷ ಅವಳಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತು ಮಾಡಿಕೊಂಡು ಮನೆಗೆ ಬಂದಳು.

“ಅವ್ವನ ಹೆಸರೇ ಇಡ್ತೀವ್ರಿ, ಗೌರಿ ಅಂತ. ಕೂಸಿನ ಕಿವ್ಯಾಗ ಹೆಸರು ನೀವೇ ಹೇಳಬೇಕು.”

“ನಾನಾ? ಅದು ಸೋದರತ್ತೆ ಹೇಳೋದಲ್ವಾ ರೇಣುಕಾ?”

“ಆಕೀಗೆ ಹೇಳೀನ್ರಿ, ಒಪ್ಪ್ಯಾಳ. ಅವ್ವ ಇದ್ದಿದ್ರ ನಿಮ್ಮ ಕೈಲೇ ಹೇಳಿಸ್ತಿದ್ಲು. ಬ್ಯಾಡ ಅನ್ನಬ್ಯಾಡ್ರಿ ಅಮ್ಮಾರೆ.”

ಬೇಡ ಎನ್ನಲಿಲ್ಲ. ಅವಳು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಮೆಲ್ಲಗೆ “ಗೌರಿ” ಎಂದು ನೋಡಿದೆ. ಬಾಯಿಂದ ಹೊರಟಿತು. ಹೊರಟೇಬಿಟ್ಟಿತಲ್ಲ ಎಂದು ಹೆದರಿಕೆಯಾಯಿತು. ಇದೂ ಆಗಿಹೋಗುತ್ತದೆ. ಆ ಮಗುವಿನ ಕಿವಿಗೆ ನನ್ನ ಉಸಿರು ತಾಗುತ್ತದೆ, ಹೆಂಗಸರು ಸೋಬಾನೆ ಹೇಳುತ್ತಾರೆ, ಊಟವಾಗುತ್ತದೆ, ನಾನು ಮನೆಗೆ ಬರುತ್ತೇನೆ. ಯಾವ ಸಿಡಿಲೂ ಬೀಳುವುದಿಲ್ಲ. ದೇವರು ಹಾಗೆ ಸಿಡಿಲು ಹಾಕುವವನಾಗಿದ್ದರೆ ನನ್ನಂಥವರಿಗೆ ಎಷ್ಟೋ ಸುಲಭವಿತ್ತು.

ಆ ವಾರ ಚರ್ಚಿಗೆ ಹೋದೆ. ಈಗಿನ ಗುರುಗಳು ಚಿಕ್ಕ ವಯಸ್ಸಿನವರು, ಮಂಗಳೂರಿನ ಕಡೆಯವರು. ಈ ಸಲ ದೋಟಿಯಿಂದ ಹಿಡಿದು ಚಪ್ಪರದವರೆಗೆ, ಕಾಫಿ ಲೋಟದವರೆಗೆ, ಹಳೆಯ ನಿವೇದನೆಯಲ್ಲಿ ಮಾಡಿದ ಮೋಸದವರೆಗೆ ಎಲ್ಲ ಹೇಳಿದೆ.

“ಆ ಮನೆಯವರಿಗೆ ಇದು ಗೊತ್ತುಂಟಾ?” ಎಂದು ಕೇಳಿದರು.

“ಇಲ್ಲ ಫಾದರ್.”

“ದೇವರು ಕ್ಷಮಿಸ್ತಾನೆ. ಅದಕ್ಕೆ ಅನುಮಾನ ಬೇಡ. ಆದ್ರೆ ಅವರ ಪಾಲಿನ ಸತ್ಯವನ್ನು ನೀವು ದೇವರ ಹತ್ತಿರ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಅವರ ಮನೆಗೇ ತಲುಪಿಸ್ಬೇಕು.”

ಅವರು ಕ್ಷಮೆಯ ಮಾತು ಹೇಳಿದರು. ಈ ಬಾರಿ ಕಾಲು ಹಗುರವಾಗಲಿಲ್ಲ. ಅದೇ ಸರಿ ಎನ್ನಿಸಿತು.

ಮಧ್ಯಾಹ್ನ ರೇಣುಕಾಳ ಮನೆಗೆ ಹೋದೆ. ಮಗು ಮಲಗಿತ್ತು. ಅವಳು ಹೊಲಿಗೆಯ ಮೆಷಿನ್ನಿನ ಮುಂದೆ ಕೂತು ಒಂದು ಪುಟ್ಟ ಅಂಗಿಗೆ ಕಸೆ ಕೂರಿಸುತ್ತಿದ್ದಳು. ಬಟ್ಟೆಯ ಚೂರುಗಳನ್ನು ಸರಿಸಿ ನನಗೆ ಕುರ್ಚಿ ಹಾಕಿದಳು.

“ರೇಣುಕಾ, ನಿಮ್ಮವ್ವನ ವಿಷಯ ಒಂದು ಹೇಳಬೇಕು. ಆ ಶನಿವಾರ ನಮ್ಮ ಹಿತ್ತಲಲ್ಲಿ — ಬೇಲಿ ಹತ್ತಿರ — ಒಂದು ಮಂಗ ಸತ್ತಿತ್ತು.”

ಅವಳು ಮೆಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ಗೊತ್ತೈತ್ರಿ.”

ಅವಳು ನೂಲು ಕಡಿದು, ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅವ್ವ ಹೇಳಿದ್ಲು. ಎಲಿ ಬಾಚೂವಾಗ ಸಿಕ್ತಂತ. ಅಯ್ಯೋ ಹನುಮಪ್ಪ, ಹಿಂಗ ಕಸದಾಗ ಬಿದ್ದಾನಲ್ಲ ಅಂತ ಅನಿಸ್ತಂತ ಆಕೀಗೆ. ಹಳೇ ಸೀರಿ ತುಂಡಿನಾಗ ಸುತ್ಕೊಂಡು, ನಿಮ್ಮ ಬೇಲಿ ಆಚೆ ಕುಣಿ ತಗದು, ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿ ಬಂದ್ಲು. ನಾನೇ ಮನಿಯಿಂದ ಕುಂಕುಮ ಓಡಿಹೋಗಿ ತಂದು ಕೊಟ್ಟಿದ್ದೆ. ಮುಟ್ಟಬಾರದು ಅಂತ ಗೊತ್ತಿತ್ರಿ ಆಕೀಗೆ.”

“ಮತ್ತೆ ಯಾಕೆ — ಯಾರಿಗೂ ಯಾಕೆ ಹೇಳಲಿಲ್ಲ?”

“ನಿಮ್ಮ ಸಲುವಾಗಿ! ‘ಅಮ್ಮಾರಿಗೆ ಗೊತ್ತಿಲ್ಲ ಕಣೆ, ಗೊತ್ತಾದ್ರೆ ಆ ಕೂಸಿನ ಹಬ್ಬ ಕೆಡ್ತದೆ, ನೆಂಟ್ರೆಲ್ಲ ಬಂದವ್ರೆ, ಬಾಯಿ ಬಿಡಬ್ಯಾಡ’ ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡ್ಲು. ನಿಮಗ ಈಗ ಹೆಂಗ ತಿಳೀತು? ಯಾರು ಹೇಳಿದ್ರು? ನೀವು ಮನಸಿಗೆ ಹಚ್ಕೋಬ್ಯಾಡ್ರಿ. ನಿಮಗೇನ್ ಗೊತ್ತಿತ್ತು?”

ನನ್ನ ಮೊಣಕಾಲ ಮೇಲೆ ಕೈಯಿಟ್ಟು ಸಮಾಧಾನ ಮಾಡುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಬಾಗಿಲು ತೆರೆದಿತ್ತು, ನಾನು ಒಂದು ಮಾತೂ ಆಡದೆ ಎದ್ದುಹೋಗಬಹುದಿತ್ತು. ಕಣ್ಣೊರೆಸಿಕೊಂಡು ಹೌದಮ್ಮ, ಈಗಷ್ಟೇ ಗೊತ್ತಾಯಿತು ಎಂದರೆ ಸಾಕಿತ್ತು. ಆ ಕ್ಷಣದಲ್ಲಿ ಸುಳ್ಳನ್ನು ನಾನು ಹುಡುಕಬೇಕಾಗಿಯೂ ಇರಲಿಲ್ಲ. ಅವಳೇ ಪ್ರೀತಿಯಿಂದ ಮಾಡಿ ಮಡಿಲಿಗೆ ಹಾಕಿದ್ದಳು.

“ಗೊತ್ತಿತ್ತು ರೇಣುಕಾ,” ಎಂದೆ. “ಎಲೆ ಮುಚ್ಚಿದ್ದು ನಾನೇ.”

ಅವಳ ಕೈ ನನ್ನ ಮೊಣಕಾಲ ಮೇಲೆ ಇನ್ನೂ ಇತ್ತು. ಅದನ್ನು ತೆಗೆಯಬೇಕೆಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ.

“ಅವ್ವ ಕೇಳಿದಾಗೂ?”

“ಕೇಳಿದಾಗಲೂ ಗೊತ್ತಿತ್ತು. ಏನಿಲ್ಲ, ತಗೊಂಡು ಹೋಗು ಅಂದೆ.”

ಆಗ ಕೈ ತೆಗೆದಳು. ಪುಟ್ಟ ಅಂಗಿಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅವಳು ಕೂಗಾಡಬಹುದು ಎಂದುಕೊಂಡು ಬಂದಿದ್ದೆ. ಮಾತು ಮೆಲ್ಲಗೆ ಬಂತು.

“ನಮ್ಮಪ್ಪ ಇವತ್ತಿಗೂ ತಾನೇ ಕಾಡಿಗೆ ಕಳಿಸಿ ಕೊಂದೆ ಅನ್ಕಂಡಾನ. ಕುಡದ್ರೂ ಅದೇ ಮಾತು, ಕುಡೀದಿದ್ರೂ ಅದೇ ಮಾತು. ನಾನು ಹೇಳಬಹುದಿತ್ತು. ‘ಅಪ್ಪಾ, ಅವ್ವ ಅವತ್ತು ಕಾಡಿಗೆ ಹೋಗಿಲ್ಲ’ ಅಂತ ಹೇಳಬಹುದಿತ್ತು. ಹೇಳಿದ್ರ ಅಮ್ಮಾರ ಹಿತ್ಲು ಅಂತ ಹೊರಗ ಬೀಳ್ತದ, ಏನೂ ಅರೀದ ಅಮ್ಮಾರಿಗೆ ಕೆಟ್ಟ ಹೆಸರು ಬರ್ತದ ಅಂತ… ನಿಮ್ಮ ಸಲುವಾಗಿ ನಮ್ಮಪ್ಪನ್ನ ಹಂಗೇ ಬಿಟ್ಟೆ ನಾನು.”

ಮಗು ಎದ್ದು ಅಳತೊಡಗಿತು. ಅವಳು ಅದನ್ನೆತ್ತಿಕೊಂಡು, ನನ್ನ ಕಡೆ ಬೆನ್ನು ಮಾಡಿ ಹಾಲೂಡಿಸಲು ಕೂತಳು.

“ಅಪ್ಪನಿಗೆ ನೀವೇ ಹೇಳ್ರಿ,” ಎಂದಳು, ತಿರುಗದೆಯೇ. “ಈಗ ಹೋಗ್ರಿ.”

ಹೆಸರಿಡುವ ದಿನಕ್ಕೆ ನಾನು ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಸೋದರತ್ತೆಯೇ ಗೌರಿ ಎಂದು ಹೇಳಿದಳಂತೆ. ರವಿಕೆಗೆ ಕೊಟ್ಟಿದ್ದ ನನ್ನ ಬಟ್ಟೆಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದ್ದಳು — ಪೂರ್ತಿ ಹೊಲಿದೇ ಕಳಿಸಿದ್ದಳು, ಹುಕ್ಕು ಕೂಡ ಹಾಕಿ.

ಚಿಕ್ಕಂದಿನಲ್ಲಿ ನಾನು ದೇವರ ತೀರ್ಪನ್ನು ಎತ್ತರದ ಪೀಠ, ತಕ್ಕಡಿ, ಗುಡುಗಿನಂಥ ದನಿ ಎಂದು ಕಲ್ಪಿಸಿಕೊಂಡಿದ್ದೆ. ಈಗ ಹಾಗೆ ಕಾಣುವುದಿಲ್ಲ. ಬೇಲಿಯಾಚೆ ಮಣ್ಣಿನಲ್ಲಿ ಕೂತು ಒಬ್ಬ ಹೆಂಗಸು ಕುಣಿ ತೋಡುತ್ತಿರುವುದು ಕಾಣುತ್ತದೆ. ನಾನು ಮಿಕ್ಸಿ ತಿರುಗಿಸುತ್ತಿದ್ದ ಅದೇ ಹೊತ್ತಿನಲ್ಲಿ. ನಾನು ನನ್ನ ಹಬ್ಬ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡೆ. ಅವಳೂ ನನ್ನ ಹಬ್ಬ ಉಳಿಸಲೆಂದೇ ಬಾಯಿ ಮುಚ್ಚಿಕೊಂಡಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಮೌನ. ಅವಳ ಪ್ರೀತಿಯನ್ನು ಪಕ್ಕದಲ್ಲಿಟ್ಟರೆ ಸಾಕು, ನಾನೇನು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಬೇರೆ ಯಾರೂ ತೀರ್ಪು ಓದಬೇಕಿಲ್ಲ. ದೇವರ ಸಿಟ್ಟನ್ನಾದರೂ ತಲೆತಗ್ಗಿಸಿ ತಡೆದುಕೊಳ್ಳಬಹುದು. ಪ್ರೀತಿಯ ಎದುರಿಗೆ ತಲೆ ಎತ್ತಿ ನಿಲ್ಲಬೇಕಾಗಿ ಬಂದರೆ ಏನು ಮಾಡುವುದೋ, ನನಗೆ ತಿಳಿಯದು. ಅವಳೇ ಮುಟ್ಟಿದಳಲ್ಲ, ಅವಳಿಗೆ ಗೊತ್ತಿತ್ತಲ್ಲ ಎಂದು ಯಾರಾದರೂ ನನಗೆ ಹೇಳಿದರೆ — ಈಗ ಎಲ್ಲ ತಿಳಿದ ಮೇಲೆ ಮನೆಯವರು ಹಾಗೆ ಹೇಳಿದರು — ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಗುರುವಾರ ನಾನು ಒಂದು ಮಾತು ಹೇಳಿದ್ದರೆ ಶನಿವಾರ ಅವಳು ಮಣ್ಣು ಮಾಡಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಮನೆಯವರು ಜೊತೆಗೆ ಬರುತ್ತೇನೆಂದರು. ಬೇಡವೆಂದೆ. ಸೊರಬಕ್ಕೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ಇಳಿದಾಗ ಸಂಜೆಯ ಹಾಲಿನ ಹೊತ್ತು. ಬಸಪ್ಪ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದ, ಕೈಯಲ್ಲಿ ಕ್ಯಾನು. ಗುರುತು ಹಿಡಿದು, “ಓ ಮೇಷ್ಟ್ರಮ್ಮ! ಇದೇನ್ರಿ ಅಪರೂಪ? ಮಗಳ ಮದ್ವೆ ಕರೆಯೋಕೆ ಬಂದ್ರಾ?” ಎಂದು ನಕ್ಕ. ಹಲ್ಲುಗಳು ಬಹಳ ಹೋಗಿದ್ದವು.

“ನಿಮ್ಮ ಹತ್ರ ಒಂದು ಮಾತಿತ್ತು ಬಸಪ್ಪ. ಮನೆ ಕಡೆ ಹೋಗೋಣ.”

“ಇಲ್ಲೇ ಹೇಳ್ರಿ. ನಮ್ಮವರೇ ಎಲ್ಲಾ.”

ಅಲ್ಲಿಯೇ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, ಏನನ್ನೂ ಚಿಕ್ಕದು ಮಾಡದೆ. ಹಾಲು ಅಳೆಯುತ್ತಿದ್ದವನು ಅಳತೆ ನಿಲ್ಲಿಸಿದ. ಮುಗಿಸಿದಾಗ ಬಸಪ್ಪ ನನ್ನನ್ನು ನೋಡುತ್ತಿರಲಿಲ್ಲ. ಕ್ಯಾನಿನ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದ; ಅದು ಆಗಲೇ ಮುಚ್ಚಿತ್ತು.

“ಹಂಗಾರೆ ಅವತ್ತು ಅವಳು ಕಾಡಿಗೆ ಹೋಗ್ಲೇ ಇಲ್ವಾ?”

“ಇಲ್ಲ ಬಸಪ್ಪ. ನಮ್ಮ ಹಿತ್ತಲಿಗೆ ಬಂದಿದ್ಲು.”

ಅವನು ಪಕ್ಕದಲ್ಲಿದ್ದವನ ತೋಳು ಹಿಡಿದುಕೊಂಡ. “ನಾ ಕಳ್ಸಿದ್ ಕಡೆ ಹೋಗಿರ್ಲಿಲ್ಲಂತೆ ಕಣೋ,” ಎಂದ. ಹಿಂದೆ ನಿಂತವನ ಕಡೆ ತಿರುಗಿ ಅವನಿಗೂ ಹೇಳಿದ: “ಹೋಗಿರ್ಲಿಲ್ಲಂತೆ ಅವಳು.” ಆಮೇಲೆ ಡೈರಿಯ ಮೆಟ್ಟಿಲ ಮೇಲೆ ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕೇಳಲಿಲ್ಲ. ಆ ಹೊತ್ತಿನಲ್ಲಿ ಅವನಿಂದ ಇನ್ನೂ ಏನನ್ನಾದರೂ ಕೇಳುವುದು ನನ್ನಿಂದಾಗಲಿಲ್ಲ.

ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಪಕ್ಕದಲ್ಲಿ ನಿಂತೆ. ಹಾಲು ಹಾಕಿದವರು ಒಬ್ಬೊಬ್ಬರಾಗಿ ಖಾಲಿ ಕ್ಯಾನು ಹಿಡಿದು ಹೊರಗೆ ಬಂದರು. ನನ್ನ ಮುಂದೆ ಹಾದುಹೋಗುವಾಗ ನಿಂತು, ಮುಖವನ್ನು ಚೆನ್ನಾಗಿ ನೋಡಿ, ಮುಂದೆ ಹೋದರು. ನಾನು ಸೆರಗು ಮರೆ ಮಾಡಿಕೊಳ್ಳಲಿಲ್ಲ. ಎಲ್ಲರೂ ನೋಡಿ ಮುಗಿಸುವವರೆಗೆ ನಿಂತಿದ್ದೆ.